ಮೂವತ್ತು ನಿಮಿಷ

ಇವತ್ತು ಗಾಳಿ ಇದೆ ಫಿಯಾಕ್ರ, ಪಡುವಣದ ಒಳ್ಳೆ ಗಾಳಿ,
ತಂತಿಬೇಲಿಗೆ ಸಿಕ್ಕ ಪ್ಲಾಸ್ಟಿಕ್ಕು ಪಟಪಟ ಅನ್ನುತ್ತಿದೆ.
ಇಂಥ ದಿನಕ್ಕೇ ಕಾದಿದ್ದೆ.
ಚಳಿ ಮುಗಿಯುವತನಕ ಹೊಲಕ್ಕೆ ಬಿಡಬಾರದೆಂದು ಸರ್ಕಾರದ ಕಟ್ಟಳೆ;
ಕಟ್ಟಳೆ ದನಕ್ಕೆ ಗೊತ್ತೆ?
ಎಪ್ಪತ್ತೆರಡು ಹಸು
ಸೀಳುನೆಲದ ಮೇಲೆ ನಿಂತು ಮೆದ್ದು, ಮೆಲುಕು ಹಾಕಿ, ಬಿಟ್ಟದ್ದೆಲ್ಲ
ಕೆಳಗಿನ ತೊಟ್ಟಿಯಲ್ಲಿ ಎಂಟಡಿ ಆಳ ಮಲಗಿದೆ,
ಮೇಲೆ ಕೆನೆ ಕಟ್ಟಿಕೊಂಡು.
ನೋಡಿದರೆ ಕಾಲಿಟ್ಟು ನಡೆಯಬಹುದು ಅನಿಸುತ್ತದೆ.

ಮೂಗು ಮುರಿಯಬೇಡ.
ಕ್ಯಾವನ್ನಿನ ಈ ಜೇಡಿದಿಬ್ಬಗಳಲ್ಲಿ ಹುಲ್ಲು ಏಳುವುದು ಇದರಿಂದಲೇ.
ಬೆಳಿಗ್ಗೆ ಬ್ರೆಡ್ಡಿಗೆ ದಪ್ಪಗೆ ಸವರಿಕೊಂಡೆಯಲ್ಲ ಬೆಣ್ಣೆ,
ಅದರ ಅಜ್ಜಿ ಇದು.

ದನ ಎಲ್ಲ ಹೊರಗೆ ಹೊಡೆದೆಯಾ? ಇನ್ನೊಮ್ಮೆ ಎಣಿಸು.
ನಾಯಿ ಕಟ್ಟು. ಬಾಗಿಲು ಎರಡೂ ಕಡೆ ಹಾರುಹೊಡೆ.
ಟ್ರ್ಯಾಕ್ಟರಿನ ಕಡೆಗೋಲು ತಿರುಗಿತೆಂದರೆ
ಕೆನೆ ಒಡೆದು
ನಾಲ್ಕು ತಿಂಗಳ ಉಸಿರು ಒಮ್ಮೆಗೇ ಮೇಲೇಳುತ್ತದೆ.
ಕೊಳೆತ ಮೊಟ್ಟೆಯ ನಾತ.
ನಾತ ಬಂದರೆ ದೂರ ಸರಿ.
ನಾತ ನಿಂತರೆ ಓಡು:
ನಿಂತದ್ದು ನಾತವಲ್ಲ, ನಿನ್ನ ಮೂಗು.

ಮ್ಯಾಲಕಿ ಒಳಗೆ ಹೋದದ್ದು ಬಿದ್ದ ಸ್ಪ್ಯಾನರಿಗೆಂದು.
ಹಳೆಯದು, ಹಿಡಿಗೆ ನೀಲಿ ಟೇಪು.
ಮ್ಯಾಲಕಿಗೆಂದು ಎಂಡಾ ಹೋದ.
ಅಣ್ಣತಮ್ಮಂದಿರ ಹಿಂದೆ ಮೂರನೆಯವಳು ನಾನು,
ಒಂದು ಬೂಟು ಹೊಸ್ತಿಲೊಳಗೆ ಇಟ್ಟೂ ಇದ್ದೆ.
ಏನೂ ನಾರಲಿಲ್ಲ.
ಹಿಂದಕ್ಕೆ ತೆಗೆದೆ.

ದೇವರ ಇಚ್ಛೆ ಎಂದು ಪಾದ್ರಿ ತಿಪ್ಪೆ ಸಾರಿಸಿದರು.
ನೆರೆಯವರು ಸ್ಯಾಂಡ್‌ವಿಚ್ಚು ತಂದರು,
ವಾರಗಟ್ಟಲೆ ಹಾಲು ಕರೆದುಕೊಟ್ಟರು, ಒಳ್ಳೆಯ ಜನ,
ನೀನೇಕೆ ಹೋಗಲಿಲ್ಲ ಅಂತ ಒಬ್ಬರೂ ಕೇಳಲಿಲ್ಲ.
ಅವರು ಕೇಳದ್ದನ್ನು ಹತ್ತೊಂಬತ್ತು ವರ್ಷ ಕೂಡಿಟ್ಟಿದ್ದೇನೆ.
ಅದರ ಮೇಲೂ ಕೆನೆ ಕಟ್ಟಿದೆ.

ಇರಲಿ. ಲಿವರ್ ಎಳೆದು ಇತ್ತ ಬಾ,
ಗಾಳಿ ಬರುವ ಕಡೆ ನಿಲ್ಲು, ಗಡಿಯಾರ ನೋಡು.
ಮೂವತ್ತು ನಿಮಿಷ.
ಅಷ್ಟರಲ್ಲಿ ನಾನೇ ಅಲ್ಲಿ ಬಿದ್ದರೂ
ಫೋನು ಮಾಡು, ಕೂಗು, ಬೇಕಾದರೆ ನನ್ನನ್ನೇ ಬೈ,
ಬೂಟು ಮಾತ್ರ ಹೊರಗೇ ಇರಲಿ.
ಆಮೇಲೆ ಯಾರಾದರೂ ಕೇಳದೆ ಸುಮ್ಮನಿದ್ದರೆ
ನಾನು ಹೇಳಿದೆ ಅನ್ನು.

ಚಹಾ ಫ್ಲಾಸ್ಕಿನಲ್ಲಿದೆ. ಸಕ್ಕರೆ ಮರೆತೆ.

ಆ ಸ್ಪ್ಯಾನರಾ?
ವಸಂತದಲ್ಲಿ ತೊಟ್ಟಿ ಬರಿದಾದಾಗ ಸಿಕ್ಕಿತು.
ನಿನ್ನ ಕೈಯಲ್ಲಿರುವುದು ಅದೇ.
ಟೇಪು ಹೊಸದು ಸುತ್ತಿದ್ದೇನೆ.