ಎರಡನೆಯ ಹೆಬ್ಬೆರಳು

ಬಿರುನಾಣಿಯ ಟ್ರಾನ್ಸ್‌ಫಾರ್ಮರ್ ಬೇಲಿಯೊಳಗೆ
ಜನವರಿ ಚಳಿಗೆ, ಆ ಬೆಚ್ಚನೆ ಗುಂಯ್‌ಗುಡುವಿಕೆಯ ಕೆಳಗೆ
ಸುರುಳಿ ಸುತ್ತಿ ಮಲಗಿತ್ತು ಹೆಬ್ಬಾವು.
ಲೈನ್ ಆಫ್ ಮಾಡಿಸಿ ಚೋಂದಮ್ಮ ಟೀಚರಿಗೆ ಫೋನ್ ಮಾಡಿದೆ.
ಪೊನ್ನಂಪೇಟೆಯಿಂದ ಬಂದರು, ಕೊಕ್ಕೆ, ಗೋಣಿಚೀಲ,
ಕಾಲಲ್ಲಿ ಹವಾಯಿ ಚಪ್ಪಲಿ.

ತಲೆ ಅವರು ಹಿಡಿದರು. ಬಾಲದ ಕಡೆ ನಾನು.
ಏನೋ ಕೆರೆಯಿತು ಮಣಿಕಟ್ಟನ್ನು.
ಹೊಟ್ಟೆ ಮುಗಿದು ಬಾಲ ಶುರುವಾಗುವಲ್ಲಿ
ಎರಡು ಉಗುರು, ಆಚೆಗೊಂದು ಈಚೆಗೊಂದು,
ಕಾಳುಮೆಣಸಿನ ಗಾತ್ರ.
"ಕಾಲು," ಅಂದರು ಟೀಚರು. "ಉಳಿದಷ್ಟು."

ಕಾಲು ಮಾಡುವ ಜೀನ್ ಕಳೆದುಹೋಯಿತೇ, ಕೇಳಿದೆ.
ಇಲ್ಲವಂತೆ. ಇಲಿಗೂ ಆನೆಗೂ ನಮಗೂ ಇರುವಂಥದ್ದೇ
ಇದಕ್ಕೂ ಇದೆ. ಮಿದುಳಿಗೆ ಬೇಕು, ಕರುಳಿಗೆ ಬೇಕು,
ಅದನ್ನು ಕಿತ್ತರೆ ಹಾವೇ ಇಲ್ಲ.
ಕೆಟ್ಟಿದ್ದು ಕಾಲಿನ ಸ್ವಿಚ್ಚು ಮಾತ್ರ.
ಮೊಟ್ಟೆಯೊಳಗೆ ಸ್ವಲ್ಪ ಹೊತ್ತು ಮಿಣಮಿಣ ಅನ್ನುತ್ತದೆ,
ಆಮೇಲೆ ಪವರ್ ಕಟ್.
ಆ ಮಿಣುಕಿನ ಕೂಲಿ ಈ ಎರಡು ಉಗುರು.

ಇದು ನನಗೆ ತಿಳಿಯುವ ಭಾಷೆ.
ಬಲ್ಬು ಬದಲಿಸಿ ಬದಲಿಸಿ ಸುಸ್ತಾದವರಿಗೆ
ಗೋಡೆಯೊಳಗಿನ ತಂತಿ ತೋರಿಸಿ ಬಂದವನು ನಾನು.
"ಆ ಸ್ವಿಚ್ಚು ಇರುವುದೆಲ್ಲಿ?"
"ಹತ್ತು ಲಕ್ಷ ಅಕ್ಷರದಾಚೆ, ಬೇರೊಂದು ಜೀನಿನ ಮನೆಯೊಳಗೆ."
ನಗು ಬಂತು. ತೆರಾಲಿನ ದೀಪ ಆರಿದರೆ
ನಾವು ಕಂಬ ಹತ್ತುವುದು ಶ್ರೀಮಂಗಲದಲ್ಲಿ.

ಆಗ ಅವರ ಕಣ್ಣು ನನ್ನ ಬಲಗೈ ಮೇಲೆ ಬಿತ್ತು.
ಹೆಬ್ಬೆರಳಿನ ಪಕ್ಕ ಇನ್ನೊಂದು ಹೆಬ್ಬೆರಳು.
ಶಾಲೆಯಲ್ಲಿ ಜೇಬಿನೊಳಗಿದ್ದದ್ದು,
ಹೆಣ್ಣು ನೋಡಲು ಹೋದಾಗ ಕರವಸ್ತ್ರದಡಿ ಕೂತದ್ದು,
ಡಾಕ್ಟರು ಕತ್ತರಿಸೋಣ ಅಂದದ್ದು, ಅಜ್ಜಿ ಬಿಡದೆ ಹೋದದ್ದು,
ಹತ್ತೊಂಬತ್ತು ವರ್ಷದಿಂದ ಇಕ್ಕಳದ ಹಿಡಿಗೆ
ಸುಮ್ಮನೆ ಒರಗಿ ನಿಂತದ್ದು.
"ಬೆಳ್ಯಪ್ಪ, ನಿನ್ನ ಅಪ್ಪನಿಗೂ ಇತ್ತಾ?"
ಇತ್ತು.
"ಇದೇ ಸ್ವಿಚ್ಚಿದ್ದರೂ ಇರಬಹುದು. ಪರೀಕ್ಷೆ ಮಾಡದೆ ಹೇಳಲಾರೆ.
ಒಂದೇ ಅಕ್ಷರ ತಪ್ಪಿದರೆ ಸಾಕು,
ಬೇಡದ ಮೂಲೆಯಲ್ಲೂ ಉರಿಯುತ್ತದೆ."

ಚೀಲದೊಳಗೆ ಹಾವು ಮಗ್ಗುಲು ಬದಲಿಸಿತು.

ಅದಕ್ಕೆ ಆರಿತು, ನನಗೆ ಹೆಚ್ಚಿಗೆ ಹೊತ್ತಿತು.
ಯಾವ ಕಾಲದ ಯಾವ ಮನೆಯಲ್ಲಿ ಎಳೆದ ವೈರಿಂಗೋ,
ಮೀನು ದಡಕ್ಕೆ ಕೈಯೂರಿದ ದಿನದ್ದೋ,
ಬಿಲ್ಲು ಯಾರ ಹೆಸರಿಗೂ ಬಂದಿಲ್ಲ.

ಬ್ರಹ್ಮಗಿರಿ ತಪ್ಪಲಲ್ಲಿ ಚೀಲ ಬಿಚ್ಚಿದೆವು.
ಅವಸರವಿಲ್ಲದೆ ಹೋಯಿತು,
ಕಾಲಿದ್ದವರ ಹಾಗೆ ಒಮ್ಮೆಯೂ ಎಡವದೆ.

ನಾಲ್ಕಕ್ಕೆ ಲೈನ್ ಕೊಟ್ಟಾಗ ಊರಲ್ಲಿ
ಯಾರೋ ಆಫ್ ಮಾಡಲು ಮರೆತ ಮಿಕ್ಸಿ ಕಿರುಚಿತು.
ಲಾಗ್‌ಬುಕ್ಕಿನ ಕಾರಣದ ಜಾಗದಲ್ಲಿ "ಹಾವು" ಅಂತ ಬರೆದೆ.
ಪೆನ್ನು ಹಿಡಿಯಲು ಆ ಬೆರಳು ಬೇಕಿಲ್ಲ.
ಆದರೂ ಬಂದು ಪಕ್ಕದಲ್ಲಿ ಕೂತಿತ್ತು.