ತೊಟ್ಟಿಯ ನೀರು

ಎರಡು ಹೊಳೆಗಳ ನಡುವೆ ನಮ್ಮ ರಾಯಚೂರು.
ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ.
ಆದರೂ ಆ ಏಪ್ರಿಲ್ಲಿನಲ್ಲಿ ಸಿಯಾತಲಾಬಿನ ನಲ್ಲಿಗಳು
ಒಂಬತ್ತು ದಿನ ಬರೀ ಗಾಳಿ ಕೆಮ್ಮಿದವು.

ಪ್ರಾರ್ಥನಾಲಯದ ತೊಟ್ಟಿ ಮಾತ್ರ ತುಂಬಿತ್ತು.
ಟ್ಯಾಂಕರಿಗೆ ಒಂಬೈನೂರು ರೂಪಾಯಿ,
ಸಭಾಹಿರಿಯ ಸಾಲೊಮೋನಪ್ಪನವರ ಕಾಣಿಕೆ;
ಹಲಗೆಯ ಮೇಲೆ ಹೆಸರು ಬರೆಸಿಯೂ ಆಗಿತ್ತು.
ಈಸ್ಟರಿನ ಬೆಳಿಗ್ಗೆ ಏಳು ಮಂದಿಗೆ ದೀಕ್ಷಾಸ್ನಾನ,
ಏಳರಲ್ಲಿ ನಾನೊಬ್ಬ, ಹತ್ತೊಂಬತ್ತರವನು.
ಹೊಸ ಬಿಳಿ ಅಂಗಿಯನ್ನು ಮೊಳೆಗೆ ನೇತುಹಾಕಿ
ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡುತ್ತಿದ್ದೆ.
ಉಸಿರು ಎಲ್ಲಿ ಹಿಡಿಯಬೇಕು,
ಯಾವ ಕೈ ಎದೆಯ ಮೇಲೆ, ಯಾವುದು ಮೂಗಿಗೆ,
ಎಲ್ಲ ಬಾಯಿಪಾಠ.

ತೊಟ್ಟಿ ಉಜ್ಜಿದವಳು ಸುವಾರ್ತಮ್ಮತ್ತೆ.
ಕಸ ಗುಡಿಸುವವಳು, ಗಂಟೆ ಬಾರಿಸುವವಳು,
ಕೀಲಿಕೈ ಸೆರಗಿನ ಗಂಟಿನಲ್ಲಿ.
ಓದು ಬಾರದು. ಹಾಡಿನ ಎರಡನೆಯ ಚರಣಕ್ಕೇ ದಾರಿ ತಪ್ಪುವಳು.
ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ನಿದ್ದೆ.
ಯುವಕ ಸಂಘದ ನಾವು ಹಿಂದಿನ ಸಾಲಿನಲ್ಲಿ ನಗುತ್ತಿದ್ದೆವು.

ಶನಿವಾರ ರಾತ್ರಿ ಓಣಿಯಲ್ಲಿ ಕೊಡಗಳ ಸದ್ದು.
ಕರೆಂಟಿಲ್ಲ. ಮಾಳಿಗೆಯ ಮೇಲೆ ಮಲಗಿದ್ದವನು ಎದ್ದು ನೋಡಿದೆ:
ಪ್ರಾರ್ಥನಾಲಯದ ಹಿಂಬಾಗಿಲು ತೆರೆದಿದೆ.
ಪ್ಲಾಸ್ಟಿಕ್ ಕೊಡ, ಸ್ಟೀಲಿನ ಬಿಂದಿಗೆ, ಸುಣ್ಣದ ಖಾಲಿ ಡಬ್ಬ
ಹಿಡಿದ ಸಾಲು, ಮಾತಿಲ್ಲ.
ಮಗಳು ಹಡೆದು ಮೂರು ದಿನವಾದ ಹಸೀನಾಬಿ.
ಗಂಜಿನಲ್ಲಿ ಮೂಟೆ ಹೊರುವ ಹುಲಿಗೆಪ್ಪ.
ನಮ್ಮ ಹಾಡು ಕೇಳಿದರೆ
ಕಿಟಕಿ ಧಡಾರನೆ ಮುಚ್ಚುವ ಎದುರು ಮನೆಯಾಕೆಯೂ.

ಅತ್ತೆ ಮೊದಲು ಅಂಚಿಗೆ ಕೂತು ಮೊಗೆದಳು,
ನೀರು ಇಳಿದಂತೆ ಬೋರಲು ಮಲಗಿ ಮೊಗೆದಳು.
ಯಾರ ಹೆಸರನ್ನೂ ಕೇಳಲಿಲ್ಲ. ಕೇಳಿದ್ದು ಒಂದೇ:
"ಮನ್ಯಾಗ ಎಷ್ಟು ಮಂದಿ?"

ನಾನು ಇಳಿದು ಹೋದದ್ದು ಜಗಳಕ್ಕೆ.
"ಅತ್ತೀ, ನಾಳಿ ನನ್ನ ಸ್ನಾನ ಐತಿ!"
ತಲೆ ಎತ್ತದೆ ತಂಬಿಗೆ ಚಾಚಿದಳು:
"ಬಗ್ಗಾಕ ಆಗವಲ್ದು ನನಗ. ನೀ ಮೊಗಿ."

ಮೊಗೆದೆ. ಸಿಟ್ಟಿನಲ್ಲೇ ಮೊಗೆದೆ, ಅರ್ಧ ನೆಲಕ್ಕೆ ಚೆಲ್ಲುವಂತೆ.
ಒಂದು ಹುಡುಗಿ ಮನೆವರೆಗೂ ತಾಳಲಾರದೆ
ಅಲ್ಲೇ ಬೊಗಸೆ ಒಡ್ಡಿದಳು.
ನೀರು ಅವಳ ಮೊಣಕೈಯಿಂದ ನನ್ನ ಮೊಣಕೈಗೆ ಹರಿಯಿತು.
ಸಿಟ್ಟು ಯಾವ ಕೊಡದಲ್ಲಿ ಹೋಯಿತೋ, ನೋಡಲಿಲ್ಲ.

ಬೆಳಿಗ್ಗೆ ತೊಟ್ಟಿಯ ತಳದಲ್ಲಿ
ಒಂದು ಹಸಿರು ಬಳೆಯ ಚೂರು, ಅಷ್ಟೆ.
"ದೇವರ ನೀರು ಕದ್ದಿ" ಎಂದರು ಸಾಲೊಮೋನಪ್ಪನವರು.
ಅತ್ತೆ ಸೆರಗಿನ ಗಂಟು ಬಿಚ್ಚುತ್ತ,
"ಮುಣುಗೋದು ನಾಳಿಗೂ ಆಗತೈತ್ರೀ,
ನೀರಡಿಕಿ ನಾಳಿತನ ನಿಂದ್ರಂಗಿಲ್ರಿ" ಎಂದು
ಕೀಲಿಕೈ ಅವರ ಅಂಗೈಗಿಟ್ಟಳು.
ಪಾಸ್ಟರ್ ಏಬೆಲರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
ಅವರನ್ನು ದೂರಲಾರೆ: ಸಂಬಳದ ಕಾಗದಕ್ಕೆ ಹಿರಿಯರ ಸಹಿ.
ನಾನೂ ಅಲ್ಲೇ ನಿಂತಿದ್ದೆ, ಒದ್ದೆ ಪ್ಯಾಂಟಿನಲ್ಲಿ.
"ಮೊಗೆದವ ನಾನು" ಎಂಬ ಎರಡು ಮಾತು
ಗಂಟಲಿನಲ್ಲೇ ಕೂತವು.

ಅಂದಿನಿಂದ ಗಂಟೆಯನ್ನು ಬೇರೆಯವರು ಬಾರಿಸಿದರು, ಅವಸರದಲ್ಲಿ.
ಅತ್ತೆ ಹತ್ತಿಗಿರಣಿಗೆ ಕೂಲಿಗೆ ಹೋದಳು;
ಭಾನುವಾರ ಬಂದು ಅದೇ ಮೂಲೆಯಲ್ಲಿ ಕೂತು
ಅದೇ ಎರಡನೆಯ ಚರಣಕ್ಕೆ ದಾರಿ ತಪ್ಪಿದಳು.
ನಾನು ನಗಲಿಲ್ಲ, ಅಷ್ಟೇ ನನ್ನಿಂದಾದದ್ದು.

ತೊಟ್ಟಿ ಮತ್ತೆ ತುಂಬಿತು. ಬಿಳಿ ಅಂಗಿ ತೊಟ್ಟು ಮುಳುಗಿದೆ,
ಕಲಿಸಿದಂತೆಯೇ ಉಸಿರು ಹಿಡಿದು.
ಮೇಲೆ ಎಲ್ಲರೂ ಹಾಡುತ್ತಿದ್ದರಂತೆ.
ನೀರೊಳಗೆ ನನಗೆ ಕೇಳಿದ್ದು
ಕತ್ತಲಲ್ಲಿ ಕೊಡಕ್ಕೆ ಕೊಡ ತಾಗುವ ಸದ್ದು.

ರಿಜಿಸ್ಟರಿನಲ್ಲಿ ನನ್ನ ಸ್ನಾನದ ತಾರೀಖು ಮೇ ಇಪ್ಪತ್ತೊಂದು.
ಇರಲಿ, ತಿದ್ದಬೇಕಿಲ್ಲ.
ಮೊಣಕೈವರೆಗಿನದು ಮಾತ್ರ
ಅದಕ್ಕೂ ಐದು ವಾರ ಹಿಂದಿನದು.