ಪಾಲು

ಬೈತಖೋಲದ ಐಸ್ ಫ್ಯಾಕ್ಟರಿಯ ಬೆನ್ನಿಗೆ
ಮೀನುಗಾರರ ಸೊಸೈಟಿ ಬಿಟ್ಟುಕೊಟ್ಟ ಕೋಣೆ.
ಕಿಟಕಿಗೆ ಕರಿಬಟ್ಟೆ ಹೊಡೆಸಿದೆ. ಬೆಳಕು ನಿಂತಿತು,
ಬಂಗಡೆ ಹರಾಜಿನ ಕೂಗು ನಿಲ್ಲಲಿಲ್ಲ.

ಎಡ ಮಗ್ಗುಲಿಗೆ ಮಲಗಿ, ಅಂದೆ.
ಗಣಬಾ ತಾಂಡೇಲ ಮಲಗಿದರು; ಮಂಚ ಸಣ್ಣದಾಯಿತು.
ಎದೆಗೆ ಜೆಲ್ಲಿ ತಾಗಿದ್ದೇ, "ಲೋಳೆಮೀನು!" ಎಂದು ನಕ್ಕರು.

ಪರದೆಯಲ್ಲಿ ಬೂದಿಬಣ್ಣದ ಬೀಸಣಿಗೆ ಬಿಚ್ಚಿಕೊಂಡಿತು.
ಅದರೊಳಗೆ ಅವರ ಹೃದಯದ ಎಡಕೋಣೆ,
ಪೂರ್ತಿ ಮುಚ್ಚಲು ಮರೆತ ಮುಷ್ಟಿ.
ಮುಂಗೋಡೆ ಮಾತ್ರ ಅಲುಗುತ್ತಲೇ ಇಲ್ಲ.
ಹೋದ ವರ್ಷ, ದೀಪಾವಳಿಯ ಮರುದಿನ,
ದೇವಗಡ ದೀಪಸ್ತಂಭದ ಆಚೆ
ಬಲೆ ಇನ್ನೂ ನೀರಲ್ಲಿರುವಾಗಲೇ ಸತ್ತ ತುಂಡು ಅದು.

ಕತ್ತು ಹೊರಳಿಸಿ ಅವರೂ ನೋಡಿದರು, ಕಸುಬುದಾರನ ಕಣ್ಣಲ್ಲಿ:
"ಇದು ನಮ್ಮ ಫಿಶ್‌ಫೈಂಡರೇ ಅಲ್ಲವೇ ಬಾಯಿ?
ಸದ್ದು ಕೆಳಗೆ ಬಿಡುವುದು,
ತಿರುಗಿ ಬಂದದ್ದನ್ನು ಓದುವುದು.
ನಮಗೆ ತಾರ್ಲೆಯ ಹಿಂಡು ಕೆಂಪಗೆ ಕಾಣುತ್ತದೆ. ನಿಮಗೆ?"
ರಕ್ತ, ಅಂದೆ. ನನ್ನತ್ತ ಬರುವುದು ಕೆಂಪು,
ದೂರ ಹೋಗುವುದು ನೀಲಿ.
"ದೂರ ಹೋಗುವುದನ್ನೂ ತೋರಿಸುತ್ತದೋ?" ಎಂದರು.
ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮೂವತ್ತನಾಲ್ಕು ಪ್ರತಿಶತ. ಬರೆದುಕೊಂಡೆ.

ಎರಡು ಬಗೆಯ ಬಾಟಲಿ, ಒಂದೇ ಬಿಳಿ ಮಾತ್ರೆ.
ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಬರೀ ಹಿಟ್ಟು.
ಯಾವುದು ಯಾರಿಗೆಂದು ನನಗೂ ಗೊತ್ತಿಲ್ಲ —
ಕನ್ನಡದಲ್ಲಿ ಹೇಳಿದೆ, ಕೊಂಕಣಿಯಲ್ಲಿ ಹೇಳಿದೆ,
ಹನ್ನೊಂದು ಪುಟ ಓದಿ ಹೇಳಿದೆ.
"ಹವಾಮಾನದವರೂ ಹೀಗೇ," ಎಂದು
ಬೋಟಿಗೆ ಹೆಸರು ಬರೆಯುವಷ್ಟು ನಿಧಾನವಾಗಿ ಸಹಿ ಮಾಡಿದರು.
ಅಂದಿನಿಂದ ನನ್ನ ಕಡತದಲ್ಲಿ ಅವರು ನಲವತ್ತೇಳು.

ಭೇಟಿಯ ದಿನಗಳನ್ನು ಗೊತ್ತುಮಾಡಿದವರು ಸಮುದ್ರ ಕಂಡವರಲ್ಲ.
ಅಕ್ಟೋಬರಿನಲ್ಲಿ ಬೆಂಚು ಖಾಲಿ; ಫೋನು ಹಚ್ಚಿದರೆ
"ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ."
ಜೂನ್ ಒಂದಕ್ಕೆ ಬೋಟುಗಳು ದಡಕ್ಕೆ ಬಿದ್ದವು,
ನನ್ನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ.

ಗಣಬಾ ಬಾಟಲಿ ತಂದರು. ಸುರುವಿ ಎಣಿಸಿದೆ:
ಉಳಿಯಬೇಕಾದ್ದು ಆರು, ಉಳಿದದ್ದು ಆರು.
ಇಷ್ಟು ಚೊಕ್ಕ ಲೆಕ್ಕ ಯಾರೂ ಕೊಟ್ಟಿರಲಿಲ್ಲ. ಹೊಗಳಿದೆ.
ಅವರಿಗೆ ಖುಷಿಯಾಗಿರಬೇಕು. ಹೇಳಿಬಿಟ್ಟರು:
"ಬೆಳಗಿನದು ನನಗೆ, ಸಂಜೆಯದು ಶಾಣುಗೆ. ನನ್ನ ಭಾವ.
ಅವನನ್ನು ನೀವು ತಗೊಳ್ಳಲಿಲ್ಲವಲ್ಲ, ಕಿಡ್ನಿ ಸರಿಯಿಲ್ಲವೆಂದು.
ಒಂದೇ ಹಗ್ಗ ಎಳೆದವನಿಗೆ
ಪಾಲಿಲ್ಲ ಅನ್ನುವುದು ಹೇಗೆ?"

ನನ್ನ ಕೈ ತಣ್ಣಗಾಯಿತು.
ಕಿಡ್ನಿ ಸರಿಯಿಲ್ಲದವನಿಗೆ ಆ ಮದ್ದು —
ಬೇಡವೆಂದದ್ದು ಸುಮ್ಮನೆ ಅಲ್ಲ.

ಅದೇ ರಾತ್ರಿ, ಕರೆಂಟಿಲ್ಲದ ಕೋಡಿಬಾಗದಲ್ಲಿ
ಫೋನಿನಲ್ಲಿ ನಲವತ್ತೇಳರ ಮೊಹರು ಒಡೆಸಿದೆ.
ಆಚೆಯ ದನಿ ಹೇಳಿತು: ಹಿಟ್ಟು.
ಮೆಟ್ಟಿಲ ಮೇಲೆ ಕೂತೆ. ಶಾಣು ಬದುಕಿದ.
ಯಾಕೆಂದರೆ ಗಣಬಾಗೆ ಏನೂ ಸಿಕ್ಕಿರಲಿಲ್ಲ.
ಒಂದೇ ಉಸಿರಿನಲ್ಲಿ ಈ ಎರಡನ್ನೂ ಬಿಡಲಾಗಲಿಲ್ಲ.

ಕೊನೆಯ ಚಿತ್ರಗಳಿಗೆ ನಾನೀಗ ಅಂಕಿ ಹಾಕುವಂತಿಲ್ಲ;
ತಿಳಿದವಳ ಕಣ್ಣು ಬೇಕಾದ್ದನ್ನು ಕಾಣುತ್ತದೆ.
ಮಣಿಪಾಲದ ಯಾರೋ ಓದಿ ಕಳಿಸಿದರು: ಮೂವತ್ತೇಳು.
ಮೂರರ ಏರು. ಅಳತೆಯೇ ಅಷ್ಟು ತಪ್ಪುತ್ತದೆ.

ಗಣಬಾಗೆ ಹೇಳಿದೆ. ಹೊಟ್ಟೆ ಕುಣಿಯುವಷ್ಟು ನಕ್ಕರು,
"ಏನೂ ಇಲ್ಲದ್ದರಲ್ಲೂ ಅರ್ಧ ಕೊಟ್ಟೆನೋ!"
ಮತ್ತೆ ಬಾಗಿಲಿನ ತನಕ ಹೋಗಿ, ತಿರುಗಿ ಬಂದು, ಮೆಲ್ಲಗೆ:
"ಶಾಣುಗೆ ಹೇಳಬೇಡಿ ಬಾಯಿ. ಅವನಿಗೆ ಗುಣ ಕಂಡಿದೆ."

ಅವರನ್ನು ಕರೆತನ್ನಿ, ಅಂದೆ. ಅಧ್ಯಯನಕ್ಕಲ್ಲ.

ಆಗಸ್ಟಿಗೆ ಮೂರು ದಿನ ಮುಂಚೆ ಬಂದರು,
ಕೈಯೆಲ್ಲ ಹೊಸ ಬಣ್ಣ, ಬೋಟಿನದು.
ಯಂತ್ರ ಇನ್ನೂ ಶುರುವಾಗುತ್ತಿತ್ತು.
ಸಂಖ್ಯೆ ಬರೆಯುವ ಜಾಗದಲ್ಲಿ ಪೆನ್ನು ತಡೆಯಿತು.
ಹೆಸರು? ಕೇಳಿದೆ. ಪೂರ್ತಿ ಹೆಸರು ಹೇಳಿ.